ಒಂದು ಹಿಡಿ ಹಳೆಯ ಮರಳು

ಜನವರಿ ೯

ಮಾವನವರಿಗೆ ನಮಸ್ಕಾರ.

ಫೋನಿನಲ್ಲಿ ನಿಮಗೆ ಏನೂ ಕೇಳಿಸುವುದಿಲ್ಲ, ಕೇಳಿಸಿದ ಹಾಗೆ ‘ಹೂಂ ಹೂಂ’ ಅನ್ನುತ್ತೀರಿ ಅಷ್ಟೆ ಎಂದು ನಿಮ್ಮ ಮಗ ಹೇಳಿದರು. ಅದಕ್ಕೇ ಈ ಕಾಗದ.

ಮಗು ಚೆನ್ನಾಗಿದ್ದಾಳೆ. ಮೂರು ತಿಂಗಳು ತುಂಬಿತು. ಈಗ ಮಧ್ಯಾಹ್ನ ಎರಡೂವರೆ, ನನ್ನ ಪಕ್ಕದಲ್ಲೇ ಮಲಗಿದ್ದಾಳೆ. ನಿಮಿಷಕ್ಕೆ ಮೂವತ್ತೆಂಟು ಉಸಿರು. ಪೆನ್ನು ಹಿಡಿಯುವ ಮುಂಚೆ ಎಣಿಸಿದೆ.

ಇವರ ಕಚೇರಿಯವರೊಬ್ಬರು ಮನೆ ಬದಲಿಸುವಾಗ ಮೂರಡಿಯ ಗಾಜಿನ ತೊಟ್ಟಿಯೊಂದನ್ನು ನಮಗೆ ಸಾಗಹಾಕಿದ್ದಾರೆ. ಇವರು ಅದರಲ್ಲಿ ಹಳೆ ಪೇಪರ್ ತುಂಬಿಟ್ಟಿದ್ದಾರೆ. ನನಗೆ ಅದರಲ್ಲಿ ಉಪ್ಪುನೀರು ತುಂಬಿಸಿ ಹವಳ ಬೆಳೆಸಬೇಕೆಂದು ಹಟ ಹತ್ತಿದೆ. ನಗಬೇಡಿ. ನವೆಂಬರಿನ ಆ ನಾಲ್ಕು ದಿನ, ಮಕ್ಕಳ ವಾರ್ಡಿನ ಹೊರಗೆ ಅಂಥದೊಂದು ತೊಟ್ಟಿ ಇತ್ತು. ಅದರ ಮುಂದೆ ಕೂತಾಗ ಮಾತ್ರ ನನ್ನ ಎದೆಬಡಿತ ಹತೋಟಿಗೆ ಬರುತ್ತಿತ್ತು. ಇವರು ಚಿಕ್ಕವರಿದ್ದಾಗ ನಿಮ್ಮ ಮನೆಯ ಮುಂದಿನ ಕೋಣೆಯಲ್ಲಿ ಇಂಥದೇ ಉಪ್ಪುನೀರಿನ ‘ಅಪ್ಪನ ಟ್ಯಾಂಕು’ ಇತ್ತಂತೆ, ಹನ್ನೊಂದು ವರ್ಷ ಇತ್ತಂತೆ. ಎಲ್ಲಿಂದ ಶುರುಮಾಡಬೇಕು, ಹೇಳಿಕೊಡಿ.

ನವೆಂಬರಿನ ಮಾತು ಎತ್ತಬಾರದು ಅಂದುಕೊಂಡಿದ್ದೆ. ಎತ್ತದಿದ್ದರೆ ನಾನು ಮರೆತಿದ್ದೇನೆ ಎಂದು ನೀವು ತಿಳಿಯಬಹುದು. ಅತ್ತೆಗೆ ನೆಗಡಿ ಇತ್ತು, ಮಗುವನ್ನು ಎತ್ತಿಕೊಂಡರು, ಎರಡು ದಿನಕ್ಕೆ ಆರು ವಾರದ ಕೂಸು ಆಮ್ಲಜನಕದ ಕೊಳವೆ ಹಾಕಿಸಿಕೊಂಡಿತು. “ಇದು ನಿಮ್ಮ ಕೈಯಿಂದಲೇ ಬಂದದ್ದು” ಎಂದು ವಾರ್ಡಿನ ಬಾಗಿಲಲ್ಲಿ ನಾಲ್ಕು ಜನರೆದುರು ಅಂದೆ. ಅವರು ತಿರುಗಿ ಒಂದು ಮಾತಾಡದೆ ಚೀಲ ಕಟ್ಟಿಕೊಂಡು ಹೊರಟರು. ಅಂದದ್ದು ಸರಿಯೆಂದು ವಾದಿಸುತ್ತಿಲ್ಲ. ಆದರೆ ಅಂದಿನಿಂದ ಮಗುವನ್ನು ಯಾರ ಕೈಗೂ ಕೊಡಲು ನನ್ನಿಂದ ಆಗುತ್ತಿಲ್ಲ. ಇವರ ಕೈಗೆ ಕೊಟ್ಟರೂ ಪಕ್ಕದಲ್ಲೇ ನಿಂತಿರುತ್ತೇನೆ. ಮೇ ಎರಡಕ್ಕೆ ನಾನು ಮುದ್ರಣಾಲಯಕ್ಕೆ, ಕರಡು ತಿದ್ದುವ ಕೆಲಸಕ್ಕೆ ಮರಳಬೇಕು. ನನ್ನ ಅಮ್ಮ ಇದ್ದಿದ್ದರೆ ಎಂದು ಯೋಚಿಸಿ ಪ್ರಯೋಜನವಿಲ್ಲ.

ಅತ್ತೆ ಕ್ಷೇಮವೆಂದು ಭಾವಿಸುತ್ತೇನೆ.

ಸೊಸೆ


ಜನವರಿ ೨೦

ಮಗಳೇ,

ಕಾಗದ ತಲುಪಿತು. ಮೂವತ್ತೊಂದು ವರ್ಷ ಊರಿಗೆಲ್ಲ ನೀರು ಪರೀಕ್ಷೆ ಮಾಡಿದವನು ನಾನು. ನೀರಿನ ವಿಷಯ ಕೇಳಿದ್ದಕ್ಕೆ ಹೆಮ್ಮೆಯಾಯಿತು.

೧. ನಲ್ಲಿ ನೀರು ಬೇಡ. ಅದರಲ್ಲಿ ಕ್ಲೋರಿನ್ ಇರುತ್ತದೆ. ಹಾಕಿಸುತ್ತಿದ್ದವನೇ ಹೇಳುತ್ತಿದ್ದೇನೆ. ಶೋಧಿಸಿದ ನೀರು ತಾ.
೨. ಸ್ಟ್ಯಾಂಡಿನ ಮೇಲೆ ರಸಮಟ್ಟ ಇಟ್ಟು ನೋಡು. ಕೂದಲೆಳೆಯಷ್ಟು ಓರೆಯಿದ್ದರೂ ಒಂದು ದಿನ ಗಾಜು ಬಿರುಕು ಬಿಡುತ್ತದೆ.
೩. ಬಿಸಿಲು ಬೀಳದ ಗೋಡೆ.
೪. ಅಂಗಡಿಯಲ್ಲಿ ಸಿಗುವ ಸಮುದ್ರದ ಉಪ್ಪನ್ನೇ ಕಲಸು. ಅಡುಗೆ ಉಪ್ಪಲ್ಲ.
೫. ಕಲ್ಲು, ಮರಳು, ನೀರು ಹಾಕಿದ ಮೇಲೆ ಆರು ವಾರ ಮೀನು ಬಿಡಬಾರದು. ಕಣ್ಣಿಗೆ ಕಾಣದ ಜೀವಿಗಳು ಮೊದಲು ಕಲ್ಲಿನಲ್ಲಿ ಮನೆ ಮಾಡಬೇಕು. ಮೀನಿನ ಹೊಲಸನ್ನು ತಿಂದು ಅರಗಿಸುವುದು ಅವೇ.

ಇನ್ನೊಂದು. ಥರ್ಮಾಮೀಟರನ್ನೇ ನೆಚ್ಚಿಕೊಳ್ಳಬೇಡ. ಸೆರಗು ಸಿಕ್ಕಿಸಿ ಮೊಣಕೈ ಅದ್ದಿ ನೋಡು. ತುಸು ತಣ್ಣಗೆ ಅನ್ನಿಸಬೇಕು. ಬೆಚ್ಚಗೆ ಅನ್ನಿಸಿದರೆ ನೀರು ಕೆಡುತ್ತದೆ.

ನಮ್ಮ ಪುಟ್ಟ ದೊರೆಸಾನಿಗೆ ಮುತ್ತು. ನಿಮ್ಮತ್ತೆ ಕ್ಷೇಮ. ಅವಳು ಹೇಳುವುದರಲ್ಲಿ ಅರ್ಧ ನನಗೆ ಕೇಳಿಸದ ಕಾರಣ ನಾನೂ ಕ್ಷೇಮ.

ಮಾವ


ಫೆಬ್ರವರಿ ೨

ಮಾವನವರಿಗೆ,

ತೊಟ್ಟಿ ತುಂಬಿತು. ರಸಮಟ್ಟದ ಗುಳ್ಳೆ ನಟ್ಟನಡುವೆ ನಿಂತಿದೆ. ನಿಮ್ಮ ಮಗ ಮೂರು ಸಲ ರಟ್ಟು ಸಿಕ್ಕಿಸಿ ತೆಗೆದು, ನಾಲ್ಕನೆಯ ಸಲಕ್ಕೆ “ಈ ಮನೆಯಲ್ಲಿ ನೆಟ್ಟಗಿರುವುದು ಇದೊಂದೇ” ಅಂದರು. ಬಿಳಿ ಮರಳು, ಹನ್ನೆರಡು ಕಿಲೋ ಒಣಕಲ್ಲು. ನಡುವೆ ಒಂದು ಗುಹೆ ಮಾಡಿದ್ದೇನೆ, ಮುಂದೆ ಬರುವ ಮೀನಿಗೆ. ಹಾರ್ಮೋನಿಯಂ ಪೆಟ್ಟಿಗೆಯಷ್ಟು ಫಿಲ್ಟರು ಗುಂಯ್ ಅನ್ನುತ್ತಿರುತ್ತದೆ. ಆ ಸದ್ದಿಗೆ ಮಗು ಮಲಗುತ್ತಾಳೆ. ನನಗೂ ಮಲಗು ಎನ್ನುತ್ತಾರೆ. ಮಲಗುತ್ತೇನೆ. ನಿದ್ದೆ ಬರುವುದಿಲ್ಲ.

ಒಂದೇ ನೋಟ್‌ಬುಕ್ಕು ಇಟ್ಟಿದ್ದೇನೆ. ಎಡಪುಟ ಮಗುವಿನದು: ಹಾಲು ಕುಡಿದ ಹೊತ್ತು, ಜ್ವರದ ಅಂಕಿ, ಉಸಿರು. ಬಲಪುಟ ತೊಟ್ಟಿಯದು: ಬಿಸಿ, ಉಪ್ಪು, ಅಮೋನಿಯಾ. ದಿನಕ್ಕೆ ಮೂರು ಸಲ. ನೀರು ದಿನಾ ಅರ್ಧ ಬೆರಳು ಇಳಿಯುತ್ತದೆ, ಉಪ್ಪುನೀರು ಬೆರೆಸಿ ಮತ್ತೆ ತುಂಬುತ್ತೇನೆ. ಆದರೂ ಉಪ್ಪಿನ ಅಂಕಿ ಯಾಕೋ ಏರುತ್ತಲೇ ಇದೆ.

ಕೆಳಗಿನ ಮನೆಯಾಕೆ ನಿನ್ನೆ ಬಂದು, ಒಂದು ನಿಮಿಷ ಕೊಡಿ, ಎತ್ತಿಕೊಳ್ಳುತ್ತೇನೆ ಅಂದರು. ಈಗಷ್ಟೇ ಮಲಗಿದಳು ಎಂದೆ. ಮಗು ಅಷ್ಟಗಲ ಕಣ್ಣು ಬಿಟ್ಟುಕೊಂಡು ಅವರನ್ನೇ ನೋಡುತ್ತಿತ್ತು. ನೀವು ನನ್ನನ್ನು ಸೊಕ್ಕಿನವಳು ಅಂದುಕೊಳ್ಳಬೇಡಿ. ನನ್ನ ಮೇಲೂ ನನಗೆ ನಂಬಿಕೆಯಿಲ್ಲ. ದಿನಕ್ಕೆರಡು ಸಲ ಕನ್ನಡಿಯೆದುರು ಟಾರ್ಚು ಹಿಡಿದು ಗಂಟಲು ನೋಡಿಕೊಳ್ಳುತ್ತೇನೆ.

ಸೊಸೆ


ಫೆಬ್ರವರಿ ೧೯

ಮಗಳೇ,

ಉತ್ತರ ತಡವಾಯಿತು. ಕಿವಿಯ ಡಾಕ್ಟರ ಹತ್ತಿರ ಅಲೆದಾಟ. ಹೊಸ ಯಂತ್ರ ಕೊಟ್ಟಿದ್ದಾರೆ. ಅದರಲ್ಲಿ ಫ್ಯಾನಿನ ಸದ್ದು ಬಿಟ್ಟು ಮತ್ತೇನೂ ಕೇಳಿಸುವುದಿಲ್ಲ.

ಆರುವುದು ನೀರು, ಉಪ್ಪಲ್ಲ. ಇಳಿದಷ್ಟಕ್ಕೆ ಸಿಹಿನೀರು ಹಾಕು.

ದಿನಕ್ಕೆ ಮೂರು ಸಲ ಅಳೆಯುವುದು ಬಿಡು. ವಾರಕ್ಕೊಮ್ಮೆ ಸಾಕು. ಬೀಜ ಹಾಕಿ ಗಳಿಗೆಗೊಮ್ಮೆ ಮಣ್ಣು ಕೆದಕಿ ನೋಡಿದರೆ ಮೊಳಕೆ ಬರುತ್ತದೆಯೇ? ಇಷ್ಟರಲ್ಲೇ ಕಲ್ಲಿನ ಮೇಲೆಲ್ಲ ಕಂದು ಬಣ್ಣದ ಲೋಳೆ ಹಬ್ಬುತ್ತದೆ. ನೋಡಿದರೆ ಹೇಸಿಗೆ. ಗಾಬರಿಯಾಗಿ ಕೈ ಹಾಕಬೇಡ. ಅದು ರೋಗವಲ್ಲ, ತೊಟ್ಟಿ ಬಲಿಯುವ ಲಕ್ಷಣ. ಹೇಗೆ ಬಂತೋ ಹಾಗೇ ಹೋಗುತ್ತದೆ.

ಬಕೆಟ್ಟನ್ನು ಸೊಂಟಕ್ಕೆ ಆನಿಸಿಕೊಂಡು ಎತ್ತಬೇಡ. ಮೈ ಇನ್ನೂ ಹಸಿ. ಚೊಂಬಿನಲ್ಲಿ ತೋಡಿ ಹಾಕು, ತಡವಾದರೆ ಆಗಲಿ.

ಮಾವ


ಫೆಬ್ರವರಿ ೨೪

ಮಾವನವರಿಗೆ,

ನಿಮ್ಮ ಕಾಗದ ಇಪ್ಪತ್ತೆರಡಕ್ಕೆ ಬಂತು. ಇಪ್ಪತ್ತೊಂದಕ್ಕೇ ಎಲ್ಲ ಮುಗಿದಿತ್ತು.

ಅಮೋನಿಯಾ ಇಳಿದು ಶೂನ್ಯಕ್ಕೆ ಬಂದಿತ್ತು. ಅಂಗಡಿಯವರು ಪಾಚಿ ತಿನ್ನಲು ನಾಲ್ಕು ಬಸವನಹುಳು ಕೊಟ್ಟರು. ಆಮೇಲೆ ಬಂತು ನೋಡಿ ಆ ಕಂದು ಲೋಳೆ. ಮೊದಲ ದಿನ ಅಂಗೈಯಗಲ, ಮೂರನೆಯ ದಿನಕ್ಕೆ ಗುಹೆಯೇ ಕಾಣಿಸದಷ್ಟು. ನೋಡುತ್ತ ನೋಡುತ್ತ ನನ್ನ ಕೈ ನನ್ನ ಮಾತು ಕೇಳಲಿಲ್ಲ. ಹುಳುಗಳನ್ನು ಒಂದು ಬೋಗುಣಿಗೆ ಎತ್ತಿಟ್ಟೆ. ಕಲ್ಲನ್ನೆಲ್ಲ ಹೊರಗೆ ತೆಗೆದು ದೊಡ್ಡ ಪಾತ್ರೆಯಲ್ಲಿ ಕುದಿಸಿದೆ. ಮರಳನ್ನು ಕುದಿನೀರಲ್ಲಿ ಐದು ಸಲ ತೊಳೆದೆ. ಫಿಲ್ಟರಿನ ಸ್ಪಂಜನ್ನೂ ಪಿಂಗಾಣಿ ಉಂಗುರಗಳನ್ನೂ ಮಗುವಿನ ಹಾಲಿನ ಬಾಟಲಿ ಬೇಯಿಸುವ ಡಬ್ಬಿಯಲ್ಲಿಟ್ಟು ಹಬೆ ಹಾಯಿಸಿದೆ. ಸಂಜೆ ನಿಮ್ಮ ಮಗ ಬಂದಾಗ ಅಡುಗೆಮನೆಯ ಜಾಲರಿಯ ಮೇಲೆ ಒಂದು ಸಾಲು ಬಾಟಲಿ, ಒಂದು ಸಾಲು ಕಲ್ಲು, ಎರಡೂ ಬೋರಲು. ಅವರಿಗೆ ನಗು ತಡೆಯಲಾಗಲಿಲ್ಲ. ನನ್ನ ಮುಖ ನೋಡಿದ ಮೇಲೆ ನಗಲಿಲ್ಲ.

ಎಲ್ಲ ಮೊದಲಿನ ಹಾಗೆ ಜೋಡಿಸಿ ಹುಳುಗಳನ್ನು ಬಿಟ್ಟೆ. ಗಾಜಿನ ಕೊಳವೆಯಲ್ಲಿ ಅಮೋನಿಯಾದ ಬಣ್ಣ ಹಳದಿ ಇದ್ದದ್ದು ಎಲೆಹಸಿರಾಯಿತು, ಅಂದರೆ ವಿಷ ಮತ್ತೆ ಏರಿತು. ಕಣ್ಣಿಗೆ ಕಾಣದ ಆ ಮೂರುವಾರದ ಸಂಸಾರವನ್ನು ನಾನೇ ಬೇಯಿಸಿದ್ದೆ. ಇವತ್ತು ಬೆಳಗ್ಗೆ ನಾಲ್ಕೂ ಹುಳುಗಳು ಮರಳಿನ ಮೇಲೆ ಅಂಗಾತ ಬಿದ್ದಿದ್ದವು. ಇಷ್ಟು ಚೊಕ್ಕವಾದ ತೊಟ್ಟಿಯನ್ನು ನಾನು ಎಲ್ಲೂ ನೋಡಿಲ್ಲ.

ನಿಮ್ಮ ಮಗ, ಇರಲಿ ಬಿಡು, ಹುಳು ತಾನೆ ಅಂದರು. ಅವರ ಮೇಲೆ ರೇಗಿದೆ. ಆಮೇಲೆ ಒಂದು ಗಂಟೆ ಅಳುತ್ತ ಕೂತಿದ್ದೆ. ಹುಳುವಿಗಾಗಿ ಅಲ್ಲವೇನೋ.

ನಿಮಗೂ ಹೀಗೆ ಆದದ್ದಿದೆಯೇ? ಇದ್ದರೆ ಸುಳ್ಳು ಹೇಳದೆ ಬರೆಯಿರಿ.

ಸೊಸೆ


ಮಾರ್ಚ್ ೬

ಮಗಳೇ,

ಮೊದಲು ಒಂದು ಮಾತು. ಸಮುದ್ರದ ಕಲ್ಲನ್ನು ಇನ್ನೆಂದೂ ಕುದಿಸಬೇಡ. ಕೆಲವು ಕಲ್ಲಿನ ಹಬೆ ವಿಷ. ನೀನು ತಂದದ್ದು ಒಣಕಲ್ಲು, ಸದ್ಯ ಬಚಾವು.

ಆದದ್ದಿದೆ. ನಮ್ಮ ತೊಟ್ಟಿಯಲ್ಲಿ ಮೊದಲ ಸಲ ಒಂದೂ ಉಳಿಯಲಿಲ್ಲ. ಆಗ ನಿನ್ನ ಗಂಡ ಏಳು ತಿಂಗಳ ಕೂಸು. ಹೊಟ್ಟೆ ಕೆಟ್ಟು ಸೊರಗಿದ್ದ. ನೀರು ಅಂದರೇ ಭಯವಾಗಿ ಮನೆಯ ನೀರನ್ನೆಲ್ಲ ಕುದಿಸುತ್ತಿದ್ದ ಕಾಲ. ಆ ಭರದಲ್ಲಿ ತೊಟ್ಟಿಯ ಗಾಜನ್ನೂ ಸೋಪು ಹಾಕಿ ಉಜ್ಜಿದ್ದಾಯಿತು. ಮೂರು ಮೀನು. ಹಿತ್ತಲಲ್ಲಿ ಹೂಳಿ, ಮನೆಗೆ ಬಂದವರಿಗೆ ಬೆಕ್ಕು ತಿಂದಿತು ಅಂದದ್ದಾಯಿತು. ಬೆಕ್ಕು ಇರಲೇ ಇಲ್ಲ.

ಮತ್ತೆ ಶುರುಮಾಡು. ಅದೇ ಕಲ್ಲು, ಅದೇ ಮರಳು, ಹೊಸ ನೀರು. ಈ ಸಲ ಬಲಿತ ತೊಟ್ಟಿಯಿಂದ ಒಂದು ಹಿಡಿ ಹಳೆಯ ಮರಳು ಸಿಕ್ಕರೆ ಬೆರೆಸು. ಹೆಪ್ಪು ಹಾಕಿದ ಹಾಗೆ. ಇನ್ನೊಂದು ಮನೆಯ ಕೊಳೆಯಿಲ್ಲದೆ ಹೊಸ ತೊಟ್ಟಿ ಬೇಗ ಕೂಡಿಬರುವುದಿಲ್ಲ.

ಹಾಲೂಡುವಾಗ ಎಡ ಮೊಣಕೈ ಕೆಳಗೆ ದಿಂಬು ಇಟ್ಟುಕೋ. ಬೆನ್ನು ಹಿಡಿದಿದ್ದರೆ ನಿದ್ದೆ ಹೇಗೆ ಬರುತ್ತದೆ.

ಮಾವ


ಮಾರ್ಚ್ ೧೫

ಮಾವನವರಿಗೆ,

ದಿಂಬು ಇಟ್ಟುಕೊಂಡೆ. ಬೆನ್ನುನೋವು ಅರ್ಧ ಇಳಿಯಿತು.

ಕರಡು ತಿದ್ದುವವಳ ಕಣ್ಣು ಸುಮ್ಮನಿರುವುದಿಲ್ಲ. ನಿಮ್ಮ ಮೂರೂ ಕಾಗದ ಪಕ್ಕಪಕ್ಕ ಹರಡಿಕೊಂಡು ಕೂತೆ. ಅಕ್ಷರವೆಲ್ಲ ಒಂದೇ, ನಿಮ್ಮದೇ. ಆದರೆ ಒಂದು, ಎರಡು ಎಂದು ಅಂಕಿ ಹಾಕಿ ಬರೆಯುವವರು ಬೇರೆ, ಮೈ ಇನ್ನೂ ಹಸಿ ಅನ್ನುವವರು ಬೇರೆ. ಯಾವ ಗಂಡಸು ಸೆರಗು ಸಿಕ್ಕಿಸಿ ಮೊಣಕೈ ಅದ್ದುತ್ತಾನೆ? ನಿಮ್ಮ ಮಗನಿಗೆ ಓದಿ ಹೇಳಿದೆ. “ಅಪ್ಪ ತೊಟ್ಟಿಗೆ ಕೈ ಹಾಕಿದ್ದನ್ನು ನಾನು ನೋಡಿದ ನೆನಪೇ ಇಲ್ಲ” ಅಂದರು.

ಆ ಹನ್ನೊಂದು ವರ್ಷ ತೊಟ್ಟಿ ನೋಡಿಕೊಂಡವರು ಯಾರು? ಒಂದು ಸಾಲಿನ ಉತ್ತರ ಸಾಕು.

ಸೊಸೆ


ಮಾರ್ಚ್ ೨೪

ಮಗಳೇ,

ನಿಮ್ಮತ್ತೆ.

ಒಂದು ಸಾಲು ಸಾಕು ಅಂದಿದ್ದೀ. ಆದರೆ ಅವಳು ಇವತ್ತು ತಂಗಿಯ ಮನೆಗೆ ಹೋಗಿದ್ದಾಳೆ. ಇಂಥ ದಿನ ಮತ್ತೆ ಸಿಗುವುದಿಲ್ಲ, ಅದಕ್ಕೇ ಇಷ್ಟೂ ಬರೆಯುತ್ತೇನೆ.

ಗಾಜು ತಂದವನು ನಾನು. ಮೂರು ತಿಂಗಳಿಗೆ ನನ್ನ ಉತ್ಸಾಹ ಆರಿತು. ನೀರು ಬದಲಿಸುತ್ತಿದ್ದವಳು ಅವಳು, ಬಂದವರನ್ನು ನಿಲ್ಲಿಸಿಕೊಂಡು ಮೀನಿನ ಹೆಸರು ಹೇಳುತ್ತಿದ್ದವನು ನಾನು. ಹಾಗಾಗಿ ಅದು ಅಪ್ಪನ ಟ್ಯಾಂಕು ಅನ್ನಿಸಿಕೊಂಡಿತು. ಅವಳೂ ಅಲ್ಲ ಅನ್ನಲಿಲ್ಲ.

ನಿನ್ನ ಮೊದಲ ಕಾಗದವನ್ನು ಗಟ್ಟಿಯಾಗಿ ಓದಿದೆ. ಕಿವುಡನಿಗೆ ಮೆಲ್ಲಗೆ ಓದುವುದು ಗೊತ್ತಿಲ್ಲ. ನವೆಂಬರಿನ ಭಾಗವನ್ನೂ ಓದಿಬಿಟ್ಟೆ. ಅವಳು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ನಾನು ಐದು ಅಂಶ ಬರೆದು ಸಹಿ ಹಾಕುವಾಗ, ಮೊಣಕೈ ವಿಷಯ ಬರೆಯಿರಿ, ಮಗು ಥರ್ಮಾಮೀಟರನ್ನೇ ನಂಬಿ ಕೂರುತ್ತೆ ಅಂದಳು. ಮಗು ಅಂದದ್ದು ನಿನ್ನನ್ನು. ಆಮೇಲಿನದೆಲ್ಲ ಅವಳು ಕಿವಿಯ ಹತ್ತಿರ ಕೂಗಿದ್ದು, ನಾನು ಗೀಚಿದ್ದು. ನಿನ್ನ ತೊಟ್ಟಿಯ ಅಮೋನಿಯಾ ಎಷ್ಟೆಂದು ಈಗ ನಮ್ಮ ಬೀದಿಗೆಲ್ಲ ಗೊತ್ತು.

ಇನ್ನೊಂದನ್ನು ಬರೆಯಬೇಡಿ ಅಂದಿದ್ದಾಳೆ. ಬರೆಯುತ್ತಿದ್ದೇನೆ. ನವೆಂಬರಿನಿಂದ ಅವಳು ಗಂಟೆಗೊಂದು ಸಲ ಕೈ ತೊಳೆಯುತ್ತಾಳೆ. ಬೆರಳ ಸಂದಿಯೆಲ್ಲ ಸೀಳಿದೆ. ಪಕ್ಕದ ಮನೆಯ ಕೂಸು ಎತ್ತಿಕೋ ಎಂದು ತೋಳು ಚಾಚಿದರೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾಳೆ.

ನೀನು ಹೀಗೆ ಮಾಡಬೇಕು ಎಂದು ಹೇಳಲು ಬರೆದದ್ದಲ್ಲ. ನೀನು ಕೇಳಿದೆ, ನಾನು ಹೇಳಿದೆ.

ಮಾವ


ಮಾರ್ಚ್ ೩೧

ಅತ್ತೆ,

ಈ ಕಾಗದ ನಿಮಗೆ. ಮಾವ ಗಟ್ಟಿಯಾಗಿ ಓದುವ ಮೊದಲು ಅವರ ಕೈಯಿಂದ ಇಸಿದುಕೊಳ್ಳಿ.

ಕಂದು ಲೋಳೆ ಮತ್ತೆ ಬಂದಿದೆ. ಇವತ್ತಿಗೆ ಆರು ದಿನ, ಕೈ ಹಾಕಿಲ್ಲ. ಕೈ ಹಾಕಬೇಕೆನಿಸಿದಾಗ ಕುರ್ಚಿಯನ್ನು ತೊಟ್ಟಿಗೆ ಬೆನ್ನು ಮಾಡಿ ತಿರುಗಿಸಿ ಕೂರುತ್ತೇನೆ.

ನಾಲ್ಕು ತಿಂಗಳಿಂದ ಯಾರಿಗೂ ಹೇಳದ ಒಂದು ಮಾತಿದೆ. ನಿಮ್ಮ ಮಗನಿಗೂ ನಿನ್ನೆಯಷ್ಟೇ ಹೇಳಿದೆ. ನೀವು ಬಂದಿಳಿದ ಹಿಂದಿನ ದಿನ ನನಗೇ ಗಂಟಲು ಕೆರೆಯುತ್ತಿತ್ತು. ರಾತ್ರಿ ಮೈ ಬೆಚ್ಚಗಿತ್ತು. ಬಾಣಂತಿಗೆ ಇದೆಲ್ಲ ಇದ್ದದ್ದೇ ಎಂದು ಒಂದು ಮಾತ್ರೆ ನುಂಗಿ, ಮಗುವನ್ನು ಎದೆಗವುಚಿಕೊಂಡೇ ಮಲಗಿದೆ. ಡಾಕ್ಟರು ಮನೆಯಲ್ಲಿ ಯಾರಿಗಾದರೂ ನೆಗಡಿಯೇ ಎಂದು ಕೇಳಿದಾಗ ನೀವು ಸೀನಿದಿರಿ. ನನಗೆ ಅಷ್ಟು ಸಾಕಾಯಿತು. ಬಂದದ್ದು ನನ್ನಿಂದಲೋ ನಿಮ್ಮಿಂದಲೋ, ಇಬ್ಬರಿಂದಲೂ ಅಲ್ಲವೋ, ಈಗ ಯಾರೂ ಹೇಳಲಾರರು. ಆದರೆ ಅಂದು ನನಗೆ ನನ್ನ ಗಂಟಲು ನೆನಪಿತ್ತು. ನೆನಪಿದ್ದೂ ನಿಮ್ಮ ಕೈ ಅಂದೆ.

ಕ್ಷಮಿಸಿ ಎಂದು ಬರೆದು ಹೊಡೆದುಹಾಕಿದೆ, ಮತ್ತೆ ಬರೆದೆ. ಕ್ಷಮಿಸಿ.

ಮೇ ಎರಡು ಹತ್ತಿರ ಬಂತು. ಮಗುವನ್ನು ನೋಡಿಕೊಳ್ಳಲು ಯಾರೂ ಇಲ್ಲವೆಂದು ಕರೆಯುತ್ತಿದ್ದೇನೆ ಅಂದುಕೊಂಡರೆ ಅದು ಅರ್ಧ ನಿಜ. ಇಷ್ಟು ದಿನ ತಡವಿ ನೋಡಿದ್ದೇನೆ. ನಿಮ್ಮ ಕೈ ಬಿಟ್ಟು ಬೇರೆ ಕೈ ಕಣ್ಣ ಮುಂದೆ ಬರುತ್ತಿಲ್ಲ. ನೀವು ತೊಟ್ಟಿಯನ್ನು ಇವರು ಓದಿದ ಶಾಲೆಗೆ ಕೊಟ್ಟಿರಂತೆ. ಅದು ಇನ್ನೂ ಇದ್ದರೆ ಒಂದು ಹಿಡಿ ಹಳೆಯ ಮರಳು ತರುತ್ತೀರಾ?

ಕೈಗೆ ರಾತ್ರಿ ಎಣ್ಣೆ ಹಚ್ಚಿ ಬಟ್ಟೆ ಸುತ್ತಿಕೊಳ್ಳಿ.

ನಿಮ್ಮ ಸೊಸೆ


ಏಪ್ರಿಲ್ ೯

ಮಗೂ,

ನನ್ನ ಅಕ್ಷರ ಕೋಳಿಕಾಲು. ಅದಕ್ಕೇ ಇಷ್ಟು ದಿನ ಇವರ ಕೈಲಿ ಬರೆಸಿದ್ದು. ಬೇರೆ ಕಾರಣವೂ ಇತ್ತು, ಇರಲಿ.

ಶಾಲೆಗೆ ಹೋಗಿದ್ದೆ. ತೊಟ್ಟಿ ಇದೆ. ಗಾಜು ಬದಲಾಗಿದೆ, ಮರಳು ಅದೇ. ಕೇಳಿದೆ, ಒಂದು ಹಿಡಿ ಅಲ್ಲ ಎರಡು ಹಿಡಿ ಕೊಡುತ್ತೇವೆ ಅಂದರು. ಹೊರಡುವ ದಿನ ತೆಗೆದುಕೊಳ್ಳುತ್ತೇನೆ. ಒದ್ದೆಯಾಗಿಯೇ ತರಬೇಕು, ಅರ್ಧ ಡಬ್ಬಿ ಗಾಳಿಗೆ ಬಿಡಬೇಕು. ಹದಿನೇಳಕ್ಕೆ ಬರುತ್ತೇನೆ.

ನೀನು ಅಂದದ್ದು ಮರೆತಿಲ್ಲ. ಎಲ್ಲಾ ಮರೆಯುವ ವಯಸ್ಸು ಹೇಗೂ ಬರುತ್ತಿದೆ, ಆಗ ಇದನ್ನೂ ಮರೆಯುತ್ತೇನೆ. ನಿನ್ನ ಗಂಟಲ ವಿಷಯ ಓದಿದೆ. ಆ ಮಾತ್ರೆ ನುಂಗಿದ್ದು ನನಗೆ ಆಗಲೇ ಗೊತ್ತಿತ್ತು. ಮಾತ್ರೆಯ ಖಾಲಿ ಕವರು ತಲೆದಿಂಬಿನ ಕೆಳಗಿತ್ತು, ಹಾಸಿಗೆ ಸರಿಮಾಡುವಾಗ ಸಿಕ್ಕಿತು. ಆಸ್ಪತ್ರೆಯಲ್ಲಿ ಹೇಳಬಹುದಿತ್ತು. ಎಳೇ ಬಾಣಂತಿ, ತಾನೇ ಕಾರಣ ಅಂತ ಹಚ್ಚಿಕೊಂಡರೆ ಎದ್ದು ಕೂರುವುದಿಲ್ಲ ಅನ್ನಿಸಿತು. ನನ್ನ ತಲೆಗೇ ಇರಲಿ ಅಂತ ಬಂದುಬಿಟ್ಟೆ. ಹಾಗೆ ಮಾಡಿದ್ದು ಸರಿಯೋ ತಪ್ಪೋ ಗೊತ್ತಿಲ್ಲ. ನೀನು ನಿದ್ದೆ ಮಾಡುತ್ತಿಲ್ಲ ಎಂದು ತಿಳಿದ ಮೇಲೆ ತಪ್ಪೇ ಅನ್ನಿಸಿದೆ.

ಲೋಳೆ ಮುಟ್ಟಬೇಡ.

ಅತ್ತೆ


ಮೇ ೨

ಮಾವ,

ಮುದ್ರಣಾಲಯದಲ್ಲಿ ಊಟದ ಹೊತ್ತು. ಬೆಳಗ್ಗೆಯಿಂದ ನಲವತ್ತು ಪುಟ ತಿದ್ದಿದೆ. ಮನೆಗೆ ಒಂದೇ ಸಲ ಫೋನು ಮಾಡಿದೆ. ಮಗು ಮಲಗಿದೆ, ನೀನು ಕೂಗಿ ಎಬ್ಬಿಸಬೇಡ ಎಂದು ಅತ್ತೆ ಇಟ್ಟುಬಿಟ್ಟರು.

ನೀವೊಬ್ಬರೇ ಅಲ್ಲಿ ಏನು ಮಾಡುತ್ತಿದ್ದೀರಿ? ಬಂದುಬಿಡಿ. ಫಿಲ್ಟರಿನ ಸದ್ದು ಜಾಸ್ತಿ ಎಂದು ಬಂದವರೆಲ್ಲ ದೂರುತ್ತಾರೆ, ನಿಮಗೆ ಆ ತೊಂದರೆಯಿಲ್ಲ.

ಹೋದ ವಾರ ಮೊದಲ ಹವಳ ಬಂತು, ಉಗುರಗಲದ್ದು, ಅಣಬೆಯ ಆಕಾರ. ಮೂರು ದಿನ ಮುದುಡಿಕೊಂಡೇ ಇತ್ತು. ನಾಲ್ಕನೆಯ ದಿನ ಅರಳಿತು. ನೋಟ್‌ಬುಕ್ಕಿನಲ್ಲಿ ಬರೆಯಲು ಹೋದರೆ ಪೆನ್ನು ಸಿಗಲಿಲ್ಲ, ಬಿಟ್ಟೆ.

ಅತ್ತೆ ಬಂದ ದಿನದ ವಿಷಯ ಅವರು ನಿಮಗೆ ಹೇಳಿರುವುದಿಲ್ಲ. ಅದಕ್ಕೇ ನಾನು ಬರೆಯುತ್ತೇನೆ. ಬಾಗಿಲು ತೆಗೆದೆ. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈ ಬೆನ್ನ ಹಿಂದೆ. ಮಗು ನನ್ನ ಸೊಂಟದ ಮೇಲಿತ್ತು. ಅವರು ಮಗುವಿನ ಕಡೆ ನೋಡದೆ ನೇರ ತೊಟ್ಟಿಯ ಹತ್ತಿರ ಹೋದರು. ಲೋಳೆ ಅಂಚಿನಲ್ಲಿ ಆಗಲೇ ತೆಳುವಾಗುತ್ತಿತ್ತು. “ಪರವಾಗಿಲ್ಲ, ಕೈ ಕಟ್ಟಿಕೊಂಡಿದ್ದೀ” ಅಂದರು. ಸೆರಗು ಸಿಕ್ಕಿಸಿದರು. ಮೊದಲು ಮೊಣಕೈ ಅದ್ದಿದರು, ಆಮೇಲೆ ಮರಳನ್ನು ಮುಷ್ಟಿಯಲ್ಲಿ ಹಿಡಿದು, ಕೈಯನ್ನು ತಳದವರೆಗೆ ಇಳಿಸಿ ಬಿಟ್ಟರು. ಕಪ್ಪು ಮರಳು, ಒಂಥರಾ ಕಡಲಿನ ವಾಸನೆ. ನನ್ನ ಬಿಳಿ ಮರಳಿನ ಮೇಲೆ ಅದು ಕೊಳೆಯಂತೆಯೇ ಕಂಡಿತು.

ಕೈ ಹೊರಗೆ ತೆಗೆದು ಅವರು ಒರೆಸಲು ಬಟ್ಟೆ ಹುಡುಕಿದರು. ಸೀಳಿದ ಬೆರಳು, ಉಪ್ಪುನೀರು, ಎಷ್ಟು ಉರಿಯುತ್ತಿತ್ತೋ. ಬಟ್ಟೆ ನನ್ನ ಹೆಗಲ ಮೇಲೇ ಇತ್ತು. ಕೊಡಲಿಲ್ಲ. ಮಗುವನ್ನು ಕೊಟ್ಟೆ.

ಒದ್ದೆ ಕೈ, ತೊಳೆದಿಲ್ಲ ಅಂದರು. ಗೊತ್ತು ಅಂದೆ.

ನಿಮ್ಮ ದೊರೆಸಾನಿ ಆ ಬೆರಳನ್ನೇ ಹಿಡಿದು ಬಾಯಿಗೆ ಇಟ್ಟುಕೊಂಡು ಮುಖ ಹಿಂಡಿದಳು. ಉಪ್ಪು. ಆಮೇಲೆ ಮತ್ತೆ ಇಟ್ಟುಕೊಂಡಳು. ಅತ್ತೆ ನನ್ನ ಮುಖ ನೋಡಿದರು. ನಾನು ಸ್ವಲ್ಪ ಹೊತ್ತು ನಿಂತಿದ್ದೆ. ಉಸಿರು ಎಣಿಸಲಿಲ್ಲ. ಆಮೇಲೆ ಒಳಗೆ ಹೋಗಿ ಮಲಗಿಕೊಂಡೆ.

ಎದ್ದಾಗ ಸಂಜೆಯಾಗಿತ್ತು.

ನಿಮ್ಮ ಸೊಸೆ